ಎರಡೂ ತುದಿಗೆ ಒಂದೂವರೆ ಮಿಲಿಮೀಟರು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ್ದನ್ನು ಕೇಳಿದ ಮೇಲೆ ನೀವು ದೊಡ್ಡ ಮನಸ್ಸು ಮಾಡಿ, ಸಿಟ್ಟಿನಲ್ಲಿ ಬಾಯಿ ಜಾರಿತು, ಹೋಗಲಿ ಬಿಡಿ ಅನ್ನಬಹುದು. ಬಾಯಿ ಜಾರಿದ್ದು ನಿಜ. ಅದಕ್ಕೆ ನಾಚಿಕೆಯೂ ಇದೆ. ಆದರೆ ನನ್ನನ್ನು ಇವತ್ತಿಗೂ ತಿನ್ನುತ್ತಿರುವುದು ಅದಲ್ಲ, ಅದಾದ ಮೇಲಿನ ಎಂಟು ದಿನ.

ನಾನು ಫೋಟೋಗಳಿಗೆ ಚೌಕಟ್ಟು ಹಾಕುವವನು. ಅಂಗಡಿಗೆ ಉದ್ದ ಇದೆ, ಅಗಲ ಇಲ್ಲ. ಮುಂದೆ ಗಾಜಿನ ಹಾಳೆಗಳು, ಹಿಂದೆ ಮರದ ಪಟ್ಟಿಗಳು, ನಡುವೆ ನಾನು. ಮೂವತ್ತು ವರ್ಷದಿಂದ ನಾಲ್ಕು ಮೂಲೆ ಕೂಡಿಸುವುದೇ ನನ್ನ ಕೆಲಸ. ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ನನಗೆ ಊಟ ಸೇರುವುದಿಲ್ಲ. ಇಂಥವನಿಗೆ ಒಂದು ಹುಚ್ಚು ಹತ್ತಬೇಕಾದರೆ ಅದೂ ಅಳತೆಯದೇ ಆಗಬೇಕಲ್ಲ, ಹಾಗೇ ಆಯಿತು. ಪುಟ್ಟ ರೈಲುಗಳ ಹುಚ್ಚು. ಹಳಿ ಹಾಸಿ, ಸ್ಟೇಷನ್ನು ಕಟ್ಟಿ, ಬೆಟ್ಟ ಎಬ್ಬಿಸಿ, ಅದರ ನಡುವೆ ಬೆರಳುದ್ದದ ಬೋಗಿಗಳನ್ನು ಓಡಿಸುವುದು. ಆಟಿಕೆ ಅಂದರೆ ಈ ಹುಚ್ಚಿನವರಿಗೆ ಮೈಯೆಲ್ಲ ಉರಿಯುತ್ತದೆ. ನನ್ನ ಹೆಂಡತಿ ಮಾತ್ರ ಆಟಿಕೆ ಅಂತಲೇ ಅನ್ನುತ್ತಾಳೆ, ಬೇಕೆಂದೇ.

ನಮ್ಮ ಗುಂಪಿನಲ್ಲಿ ನಾಲ್ಕೇ ಜನ. ಬಸ್ ಡ್ರೈವರ್ ಒಬ್ಬರು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರಮ್ಮ ಒಬ್ಬರು, ನಾನು, ಮತ್ತೆ ಹೋದ ವರ್ಷ ಸೇರಿಕೊಂಡ ಹಲ್ಲಿನವರು. ಹಲ್ಲಿನವರು ಅಂದರೆ ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಳತೆ ತೆಗೆದು ಕಳಿಸಿದರೆ ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಮಾಡಿಕೊಡುವವರು. ನಾನಿರುವ ಬೀದಿಯಿಂದ ಎರಡು ತಿರುವು ದಾಟಿದರೆ ಅವರ ಕೆಲಸದ ಕೋಣೆ. ಕಿಟಕಿಯಲ್ಲಿ ಸಾಲಾಗಿ ದವಡೆಗಳು ನಗುತ್ತಾ ಕೂತಿರುತ್ತಿದ್ದವು. ನನಗಿಂತ ಆರೇಳು ವರ್ಷ ದೊಡ್ಡವರು, ಮಾತು ಮೆಲ್ಲಗೆ. ನನ್ನನ್ನು ಎಲ್ಲರೂ ಅಳತೆ ಮೇಷ್ಟ್ರು ಅಂತ ಆಡಿಕೊಳ್ಳುತ್ತಿದ್ದರು. ಅವರು ಮಾತ್ರ ಅದನ್ನೇ ಗೌರವದಿಂದ ಮೇಷ್ಟ್ರೇ ಅಂತ ಕರೆಯುತ್ತಿದ್ದರು.

ಯಾರ ಮನೆಯಲ್ಲೂ ಪೂರ್ತಿ ರೈಲುದಾರಿ ಹಾಸುವಷ್ಟು ಜಾಗವಿಲ್ಲ. ಅದಕ್ಕೇ ಒಬ್ಬೊಬ್ಬರು ನಾಲ್ಕಡಿ ಉದ್ದದ ಹಲಗೆಗಳನ್ನು ಮಾಡಿಟ್ಟುಕೊಳ್ಳುತ್ತೇವೆ. ನನ್ನ ಹಲಗೆಯಲ್ಲಿ ಸ್ಟೇಷನ್ನು, ಡ್ರೈವರ್ ಹಲಗೆಯಲ್ಲಿ ಸುರಂಗ, ಟೀಚರಮ್ಮನದು ಕಾಡು. ಒಂದು ಕಡೆ ಸೇರಿದಾಗ ಹಲಗೆಗೆ ಹಲಗೆ ಬೋಲ್ಟ್ ಹಾಕಿ ಬಿಗಿಯುತ್ತೇವೆ. ಒಬ್ಬರ ಮನೆಯಿಂದ ಹೊರಟ ರೈಲು ಇನ್ನೊಬ್ಬರ ಮನೆಯಲ್ಲಿ ಹುಟ್ಟಿದ ಸೇತುವೆ ದಾಟಿ, ಮತ್ತೊಬ್ಬರ ಕಾಡಿನೊಳಗೆ ನುಗ್ಗಿ ಹೋಗುತ್ತದೆ. ಅದರ ಸುಖ ಹೇಳಿದರೆ ತಿಳಿಯುವುದಿಲ್ಲ. ಬೋಲ್ಟಿನ ತೂತುಗಳನ್ನು ಒಂದೇ ಮಿಲ್ಲಿನಲ್ಲಿ ಒಂದೇ ಅಳತೆಗೆ ಕೊರೆಸುತ್ತೇವೆ, ಬಿಗಿದ ಮೇಲೆ ಹಲಗೆ ಒಂದಿಷ್ಟೂ ಅಲ್ಲಾಡುವುದಿಲ್ಲ. ಆದ್ದರಿಂದ ಹಳಿ ಹಾಸುವಾಗಲೇ ಎರಡು ತುದಿಯಲ್ಲೂ ಅದು ಸರಿಯಾದ ಜಾಗದಲ್ಲಿರಬೇಕು. ಹಳಿಗೆ ಹಳಿ ಎದುರಾದರೆ ರೈಲು ಹೋಗುತ್ತದೆ, ಇಲ್ಲದಿದ್ದರೆ ಬೀಳುತ್ತದೆ.

ಆ ಜಾಗ ತೋರಿಸುವುದಕ್ಕೆ ನಮ್ಮಲ್ಲಿ ಒಂದು ಅಚ್ಚು ಇದೆ. ಗೇಣುದ್ದದ ಗಟ್ಟಿ ಮರದ ತುಂಡು. ಅದರ ನೇರ ಅಂಚನ್ನು ಹಲಗೆಯ ಮುಂದಿನ ಅಂಚಿಗೆ ಸಮನಾಗಿ ಹಿಡಿದರೆ, ಮೇಲಿರುವ ಎರಡು ಗೀರುಗಳಲ್ಲಿ ಎರಡು ಹಳಿ ಬಂದು ಕೂರಬೇಕು. ಅಷ್ಟೇ. ಮಾಡಿದವನು ನಾನು, ಇಟ್ಟುಕೊಂಡಿರುವವನೂ ನಾನು. ಯಾರು ಹೊಸ ಹಲಗೆ ಮಾಡಿದರೂ ನನ್ನ ಅಂಗಡಿಗೆ ಬಂದು ಆ ಅಚ್ಚು ಇಸಕೊಂಡು ಹೋಗಬೇಕು. ನಮ್ಮ ಗುಂಪಿನಲ್ಲಿ ಅಧ್ಯಕ್ಷರು ಯಾರೂ ಇಲ್ಲ, ಆದರೆ ಅಚ್ಚು ನನ್ನ ಹತ್ತಿರ ಇತ್ತು. ಅದರ ಜಂಬ ನನಗೆ ಎಷ್ಟಿತ್ತು ಅಂತ ಈಗ ನೆನೆದರೆ ಥೂ ಅನಿಸುತ್ತದೆ.

ಹಲ್ಲಿನವರು ತಮ್ಮ ಮೊದಲನೇ ಹಲಗೆಗೆ ಅಚ್ಚು ಕೇಳಲು ಬಂದಾಗ ನಾನು ಅದನ್ನು ಪಾಲಿಶ್ ಮಾಡಿ, ಹೊಳೆಯಿಸಿ ಇಟ್ಟಿದ್ದೆ. ಅವರು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಆಗ ಗಮನಿಸಿದೆ, ಬಲಗೈ ಸಣ್ಣಗೆ ನಡುಗುತ್ತಿತ್ತು. ನಾನು ನೋಡಿದ್ದು ಅವರಿಗೂ ಗೊತ್ತಾಯಿತು. ಆರು ತಿಂಗಳಿಂದ ಹೀಗೆ, ಡಾಕ್ಟರು ರೋಗವೇನೂ ಅಲ್ಲ ಅನ್ನುತ್ತಾರೆ, ಹೆಂಡತಿ ತಲೆ ಕೆಡಿಸಿಕೊಳ್ಳದೆ ಕೆಲಸ ಮಾಡಿ ಅನ್ನುತ್ತಾಳೆ, ಆದರೆ ತನಗೇ ನಂಬಿಕೆ ಸಾಲದು ಅಂದರು. ಒಬ್ಬರ ಬಾಯಿಗೆ ಹಾಕುವ ವಸ್ತು, ಒಂದು ಚೂರು ಹೆಚ್ಚುಕಮ್ಮಿಯಾದರೂ ತಿನ್ನುವುದಕ್ಕಾಗದೆ ಒದ್ದಾಡುವವರು ಹಾಕಿಕೊಂಡವರು, ಕೈ ಹೋಗಿದ್ದರೆ ತಾನೇ ಮೊದಲು ಬಿಡಬೇಕು ಅಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ಈ ಹಲಗೇನೇ ನನಗೆ ಪರೀಕ್ಷೆ ಮೇಷ್ಟ್ರೇ. ಎರಡು ತುದೀನೂ ಸರಿಯಾಗಿ ಕೂಡಿದ್ರೆ ಇನ್ನೊಂದೈದು ವರ್ಷ ಹಲ್ಲು ಮಾಡ್ತೀನಿ. ಕೂಡಲಿಲ್ಲಾಂದ್ರೆ ಬೀಗ ಹಾಕ್ಬಿಡ್ತೀನಿ. ಮನೇಲೂ ಹೇಳಿಲ್ಲ, ನಿಮಗೆ ಮಾತ್ರ ಹೇಳ್ತಿರೋದು."

ಯಾಕೆ ನನಗೇ ಹೇಳಿದರು? ಅಳತೆಯ ಮನುಷ್ಯ ಅಳತೆಯ ಮನುಷ್ಯನಿಗೆ ಹೇಳಿದರು, ಇನ್ನೇನು. ನಾನು ಉಬ್ಬಿಹೋದೆ. ಧೈರ್ಯವಾಗಿ ಮಾಡಿ, ಅಚ್ಚು ಹೇಳಿದ ಹಾಗೆ ಕೇಳಿದರೆ ಕೈ ತಾನಾಗಿ ಸರಿಹೋಗುತ್ತದೆ ಅಂತ ಬೆನ್ನು ತಟ್ಟಿ ಕಳಿಸಿದೆ.

ನಾಲ್ಕು ತಿಂಗಳು ಅವರು ಆ ಹಲಗೆಯನ್ನು ಯಾರಿಗೂ ತೋರಿಸಲಿಲ್ಲ. ಲೈಬ್ರರಿಯ ದೊಡ್ಡ ಕೋಣೆಯಲ್ಲಿ ನಮ್ಮ ಪ್ರದರ್ಶನ ಇತ್ತು, ಅಲ್ಲಿಗೇ ನೇರವಾಗಿ ತಂದರು. ಹೊಸ ಹಲಗೆಯನ್ನು ಪ್ರದರ್ಶನಕ್ಕೆ ಮೊದಲು ಒಮ್ಮೆ ಜೋಡಿಸಿ ನೋಡಬೇಕು ಅನ್ನುವುದು ನಮ್ಮ ನಿಯಮ, ಅದನ್ನು ಮಾಡಿದವನೂ ನಾನೇ. ಟೀಚರಮ್ಮ ಆ ವಾರ ಎರಡು ಸಲ ನೆನಪಿಸಿದರು. ನನ್ನ ಅಚ್ಚಿನ ಮೇಲೆ ಮಾಡಿದ್ದಕ್ಕೆ ಎಂಥ ಪರೀಕ್ಷೆ ಅಂತ ಅವರ ಬಾಯಿ ಮುಚ್ಚಿಸಿದೆ.

ಬಟ್ಟೆ ಸರಿಸಿ ಹಲಗೆ ತೋರಿಸಿದಾಗ ನಾವು ಮೂವರೂ ಬಗ್ಗಿ ನೋಡಿದೆವು. ಒಂದು ಹಳ್ಳ, ಅದರ ಮೇಲೊಂದು ಕಲ್ಲಿನ ಸೇತುವೆ. ಕಲ್ಲುಗಳೆಲ್ಲ ದವಡೆಯ ಅಚ್ಚು ತೆಗೆಯುವ ಪುಡಿಯಲ್ಲಿ ಒಂದೊಂದಾಗಿ ಕೊರೆದವು. ನೀರು ಯಾವುದೋ ಹಲ್ಲಿನ ಕೆಲಸದ ಅಂಟು, ಒಳಗಿನ ಉರುಟು ಕಲ್ಲುಗಳು ಕಾಣುತ್ತಿದ್ದವು. ದಡದಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳನ್ನು ಕೂರಿಸಿದ್ದರು, ಅಕ್ಕಿಕಾಳಿನಷ್ಟು ತಲೆ. ಡ್ರೈವರ್ ಭೂತಗನ್ನಡಿ ಹಿಡಿದು ನೋಡಿ, ರೀ, ಇವಳಿಗೂ ಹಲ್ಲು ಕಟ್ಟಿದ್ದೀರಲ್ರೀ ಅಂದರು. ಹಲ್ಲಿನವರು ಚಿಕ್ಕ ಮಕ್ಕಳಂತೆ ನಾಚಿಕೊಂಡರು. ಅವರ ಹೆಂಡತಿಯೂ ಬಂದಿದ್ದರು, ಒಳ್ಳೆ ಸೀರೆ ಉಟ್ಟು, ಕೈಚೀಲ ಎದೆಗೊತ್ತಿಕೊಂಡು ಗಂಡನ ಪಕ್ಕದಲ್ಲೇ ನಿಂತಿದ್ದರು.

ಹನ್ನೊಂದು ಗಂಟೆಗೆ ಬಾಗಿಲು ತೆಗೆದೆವು. ಜನ ತುಂಬಿದರು. ಮೊದಲ ರೈಲು ನಮ್ಮ ಬಸ್ ಡ್ರೈವರ್ ಮಾಡಿದ್ದ ಸುರಂಗದಿಂದ ಹೊರಬಂದು ಸೇತುವೆಯ ಹಲಗೆಗೆ ಕಾಲಿಟ್ಟಿತು, ಎಂಜಿನ್ನು ಸಂದಿಯಲ್ಲಿ ಮುಗ್ಗರಿಸಿ ಮಗುಚಿಬಿತ್ತು. ಎತ್ತಿ ನಿಲ್ಲಿಸಿ ಮತ್ತೆ ಬಿಟ್ಟೆವು. ಮತ್ತೆ ಬಿತ್ತು. ಹೋಗಲಿ ಅಂತ ಆ ಕಡೆಯಿಂದ, ನನ್ನ ಸ್ಟೇಷನ್ನಿನ ಕಡೆಯಿಂದ ಬಿಟ್ಟೆವು. ಆ ತುದಿಯಲ್ಲೂ ಬಿತ್ತು, ಎರಡು ಬೋಗಿ ನೆಲಕ್ಕೇ ಹೋದವು. ಜನರಲ್ಲಿ ಯಾರೋ ಕಿಸಕ್ಕೆಂದರು. ನನ್ನ ಕಿವಿ ಬಿಸಿಯಾಯಿತು. ಹದಿನೈದು ವರ್ಷದಲ್ಲಿ ನಮ್ಮ ಸಂದಿಯಲ್ಲಿ ಒಂದು ರೈಲೂ ಬಿದ್ದಿರಲಿಲ್ಲ. ಅಷ್ಟು ಜನರೆದುರು ಹಿಂದುಮುಂದು ನೋಡದೆ ಅಂದುಬಿಟ್ಟೆ.

"ಹಲ್ಲಿನ ಕೆಲಸದವರು, ಅಳತೆ ಗೊತ್ತಿರತ್ತೆ ಅಂದ್ಕೊಂಡಿದ್ದೆ. ಕೈ ನಡುಗತ್ತೆ ಅಂತ ಗೊತ್ತಿದ್ದೂ ಈ ಕೆಲಸಕ್ಕೆ ಯಾಕ್ರೀ ಕೈ ಹಾಕಿದ್ರಿ? ಕೈ ನಿಲ್ಲೋರ ಕೆಲಸ ಇದು."

ಅವರು ನನ್ನನ್ನು ನೋಡಲಿಲ್ಲ. ತಮ್ಮ ಬಲಗೈಯನ್ನು ನೋಡಿಕೊಂಡರು. ಆಮೇಲೆ ಹೆಂಡತಿಯ ಕಡೆಗೊಮ್ಮೆ ನೋಡಿ, ನಿಜ ಮೇಷ್ಟ್ರೇ ಅಂತ ಮಾತ್ರ ಅಂದರು. ತಮ್ಮ ಹಲಗೆಯ ಬೋಲ್ಟುಗಳನ್ನು ತಾವೇ ಬಿಚ್ಚತೊಡಗಿದರು. ನಾಲ್ಕು ಬೋಲ್ಟು. ಸ್ಪ್ಯಾನರ್ ಮತ್ತೆ ಮತ್ತೆ ಜಾರುತ್ತಿತ್ತು. ಜನ ನೋಡುತ್ತಲೇ ಇದ್ದರು, ನಾನು ಗಡಿಯಾರ ನೋಡಿಕೊಂಡೆ. ಡ್ರೈವರ್ ಹೋಗಿ ಕೈ ಹಚ್ಚದಿದ್ದರೆ ಅದು ಎಷ್ಟು ಹೊತ್ತಾಗುತ್ತಿತ್ತೋ. ಅದರ ಜಾಗಕ್ಕೆ ಬರೀ ಹಳಿ ಹಾಸಿದ್ದ ನಮ್ಮ ಹಳೆಯ ಹಲಗೆ ಹಾಕಿದೆವು, ರೈಲು ಸಲೀಸಾಗಿ ಓಡಿತು. ನೋಡಿ, ಈಗ ಹೇಗೆ ಹೋಗುತ್ತದೆ ಅಂತ ಬೇರೆ ಅಂದೆ ನಾನು. ಗಂಡ ಹೆಂಡತಿ ಯಾವಾಗ ಹೊರಟುಹೋದರೋ ನೋಡಲಿಲ್ಲ. ಹಲಗೆ ಮೇಜಿನ ಕೆಳಗೇ ಉಳಿದಿತ್ತು.

ಮುಂದಿನ ಭಾನುವಾರ ಡ್ರೈವರ್ ಅದನ್ನು ನನ್ನ ಅಂಗಡಿಗೆ ತಂದಿಳಿಸಿದರು. ಹಲ್ಲಿನವರು ವಾಪಸ್ಸು ಬೇಡ ಅಂದರಂತೆ, ಹಳಿ ಕಿತ್ತುಕೊಂಡು ಮರ ಯಾವುದಕ್ಕಾದರೂ ಬಳಸಿಕೊಳ್ಳಿ ಅಂದರಂತೆ. ಇನ್ನೊಂದು ಸುದ್ದಿಯನ್ನೂ ಡ್ರೈವರ್ ಹೇಳಿದರು. ಹಲ್ಲಿನವರು ಕೆಲಸ ನಿಲ್ಲಿಸುತ್ತಿದ್ದಾರೆ. ಬೇರೆ ಊರಿನ ಕೆಲಸಗಾರನೊಬ್ಬ ಯಂತ್ರ, ಒಲೆ, ಸಾಮಾನು ಎಲ್ಲ ಒಟ್ಟಿಗೆ ಕೊಳ್ಳುತ್ತಿದ್ದಾನೆ, ಬರುವ ಶನಿವಾರ ಲಾರಿ ತರುತ್ತಾನೆ. ಹೆಂಡತಿ ಎಷ್ಟು ಬೇಡಿಕೊಂಡರೂ ಕೇಳುತ್ತಿಲ್ಲವಂತೆ. ಡ್ರೈವರ್ ಹೇಳಿ ಹೋದರು. ಅವರಿಗೆ ಪರೀಕ್ಷೆಯ ವಿಷಯ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಪಾಪ ಅನಿಸಿತು. ಜೊತೆಗೇ, ಆದದ್ದು ಒಳ್ಳೆಯದೇ ಆಯಿತು, ಜನರ ಬಾಯಿ ಉಳಿಯಿತು ಅಂತಲೂ ಅನಿಸಿತು. ಸುಳ್ಳು ಯಾಕೆ ಹೇಳಲಿ.

ಅಂಗಡಿ ರಜ. ಹಳಿ ಕೀಳೋಣ ಅಂತ ಹಲಗೆಯನ್ನು ಮೇಜಿನ ಮೇಲೆ ಇಟ್ಟೆ. ಕೀಳುವ ಮೊದಲು ಎಷ್ಟು ತಪ್ಪಿದೆ ನೋಡೋಣ ಅಂತ ಒಂದು ಚಪಲ. ಅಳತೆಕೋಲು ಹಿಡಿದೆ. ಎಡತುದಿಯಲ್ಲಿ ಒಂದೂವರೆ ಮಿಲಿಮೀಟರು, ಮುಂದಿನ ಅಂಚಿನ ಕಡೆಗೆ. ಬಲತುದಿಗೆ ಹೋದೆ. ಅಲ್ಲೂ ಒಂದೂವರೆ ಮಿಲಿಮೀಟರು, ಅದೇ ಕಡೆಗೆ.

ಮತ್ತೆ ಅಳೆದೆ. ಅಷ್ಟೇ. ನಡುಗುವ ಕೈ ಒಂದು ತುದಿಯಲ್ಲಿ ಹೀಗೆ ತಪ್ಪಿದರೆ ಇನ್ನೊಂದರಲ್ಲಿ ಹಾಗೆ ತಪ್ಪುತ್ತದೆ. ನಾಲ್ಕಡಿ ದೂರದಲ್ಲಿ ಅದೇ ತಪ್ಪನ್ನು ಅಷ್ಟೇ ಅಳತೆಗೆ, ಅದೇ ಕಡೆಗೆ ಯಾವ ಕೈಯೂ ಮಾಡುವುದಿಲ್ಲ. ಗೂಟಕ್ಕೆ ಸಿಕ್ಕಿಸಿದ್ದ ಅಚ್ಚನ್ನು ತೆಗೆದು ಆ ಹಲಗೆಯ ಮೇಲಿಟ್ಟೆ. ಎರಡು ಹಳಿಗಳೂ ಗೀರಿನೊಳಗೆ ಅಲ್ಲಾಡದೆ ಕೂತವು. ಎರಡು ತುದಿಯಲ್ಲೂ. ಅಷ್ಟು ಕರಾರುವಾಕ್ಕಾಗಿ ನಾನು ಕೂಡ ಯಾವತ್ತೂ ಕೂರಿಸಿರಲಿಲ್ಲ. ಅದೇ ಅಚ್ಚನ್ನು ನನ್ನ ಸ್ಟೇಷನ್ನಿನ ಹಲಗೆಗೆ ಹಿಡಿದೆ. ಕೂರಲಿಲ್ಲ.

ಆಗ ನೆನಪಾಯಿತು. ಅವರು ಬರುವ ಮುಂಚಿನ ದಿನ ಅಚ್ಚನ್ನು ತೆಗೆದು ನೋಡಿದ್ದೆ. ಹದಿನೈದು ವರ್ಷದ ಅಂಟು, ಬಣ್ಣ, ಅಂಚಿನಲ್ಲಿ ಯಾವಾಗಲೋ ಬಿದ್ದು ಆದ ಒಂದು ತಗ್ಗು. ಹೊಸಬರ ಕೈಗೆ ಇಂಥ ಕೊಳಕು ಕೊಡುವುದೇ ಅನಿಸಿತ್ತು. ಮರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ತಗ್ಗು ಹೋಗುವ ತನಕ ಕೀಸುಳಿ ಎಳೆದಿದ್ದೆ, ಮರಳು ಕಾಗದ ಉಜ್ಜಿದ್ದೆ, ಎರಡು ಸಲ ಪಾಲಿಶ್ ಹೊಡೆದಿದ್ದೆ. ಯಾವ ಅಂಚಿನಿಂದ ಎಲ್ಲ ಅಳತೆ ಶುರುವಾಗುತ್ತದೋ ಅದೇ ಅಂಚನ್ನು ಕೀಸಿ ಚೆಂದ ಮಾಡಿದ್ದೆ. ಹಾಗೆ ಕೀಸಿದ ಅಚ್ಚಿನಿಂದ ಮೊದಲ ಹಲಗೆ ಕಟ್ಟಿದವರು ಹಲ್ಲಿನವರು. ನಾಲ್ಕು ತಿಂಗಳು ಆ ಕೈಯನ್ನು ಗದರಿಸಿ, ಸುಧಾರಿಸಿ, ನಾನು ಕೊಟ್ಟ ತಪ್ಪನ್ನು ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲದೆ ಹಲಗೆಗೆ ಇಳಿಸಿದ್ದರು. ಪರೀಕ್ಷೆಯಲ್ಲಿ ಅವರು ಪಾಸಾಗಿದ್ದರು. ಆ ವಿಷಯ ಲೋಕದಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು.

ತಕ್ಷಣ ಹೋಗಬೇಕಿತ್ತು. ಎರಡು ತಿರುವು, ಐದು ನಿಮಿಷದ ದಾರಿ. ಚಪ್ಪಲಿ ಮೆಟ್ಟಿದ್ದೆ ಕೂಡ. ಹೋಗಿ ಏನು ಹೇಳುವುದು? ನಿಮ್ಮ ಕೈಯಲ್ಲ, ನನ್ನ ಕೈ ಅಂತ. ಅವರು ಡ್ರೈವರಿಗೆ ಹೇಳುತ್ತಾರೆ, ಡ್ರೈವರ್ ಟೀಚರಮ್ಮನಿಗೆ, ಅವರು ಹುಬ್ಬೆತ್ತಿ, ಪರೀಕ್ಷೆ ಬೇಡ ಅಂದಿದ್ರಲ್ವಾ ಮೇಷ್ಟ್ರೇ ಅನ್ನುತ್ತಾರೆ. ನಾಳೆ ಹೋದರಾಯಿತು ಅಂದುಕೊಂಡೆ. ಶನಿವಾರಕ್ಕೆ ಇನ್ನೂ ಆರು ದಿನ ಇದೆಯಲ್ಲ.

ಸೋಮವಾರ ಒಂದು ಮದುವೆಯ ಫೋಟೋಗಳ ಕೆಲಸ ಬಂತು, ಇಪ್ಪತ್ತು ಚೌಕಟ್ಟು, ಉಸಿರಾಡಲು ಪುರುಸೊತ್ತಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಪುರುಸೊತ್ತು ಇತ್ತು. ಮಂಗಳವಾರ ಅವರ ಬೀದಿಯ ತನಕ ಹೋಗಿ, ಒಳಗೆ ಯಾರೋ ಗಿರಾಕಿ ಇದ್ದ ಹಾಗಿತ್ತು, ತಿರುಗಿ ಬಂದೆ. ಮನೆಯಲ್ಲಿ ಹೆಂಡತಿ, ಏನು, ಆಟಿಕೆ ಮುರೀತಾ, ಮುಖ ಯಾಕೆ ಹೀಗಿದೆ ಅಂತ ಕಾಲೆಳೆದಳು. ಅವಳ ಮೇಲೆ ಹಾರಾಡಿದೆ. ತಟ್ಟೆ ದೂಡಿ ಎದ್ದೆ. ಪಾಪ, ಅವಳೇನು ಮಾಡಿದ್ದಳು.

ಗುರುವಾರ ಮನಸ್ಸು ಗಟ್ಟಿ ಮಾಡಿ ಹೋದೆ. ಕಿಟಕಿಯಲ್ಲಿ ದವಡೆಗಳಿರಲಿಲ್ಲ. ಹಲ್ಲಿನವರು ನೆಲದ ಮೇಲೆ ಕೂತು ಸಣ್ಣ ಸಣ್ಣ ಡಬ್ಬಿಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟರು. ನಾನು ಬಾಯಿ ತೆಗೆಯುವ ಮೊದಲೇ ಅವರು ಶುರು ಮಾಡಿದರು.

"ನೀವೇ ಬಂದ್ರಿ, ಒಳ್ಳೇದಾಯ್ತು. ನಾನೇ ಬರ್ಬೇಕು ಅಂತಿದ್ದೆ, ಮುಖ ಇರಲಿಲ್ಲ. ನಿಮ್ಮ ಹದಿನೈದು ವರ್ಷದ ಹೆಸರು ನನ್ನಿಂದ ಹಾಳಾಯ್ತು. ತಪ್ಪಾಯ್ತು ಮೇಷ್ಟ್ರೇ, ಹೊಟ್ಟೆಗೆ ಹಾಕ್ಕೊಳ್ಳಿ."

ನೆಲ ಬಾಯಿ ಬಿಡಬಾರದೇ ಅನಿಸಿತು. ಈಗ ಹೇಳಬೇಕು, ಇದೇ ಹೊತ್ತು, ನಾಲಿಗೆ ತುದಿಗೆ ಬಂದಿತ್ತು. ಹೇಳಿದ್ದೇನು ಗೊತ್ತೇ? ಅಯ್ಯೋ, ಹೋಗಲಿ ಬಿಡಿ, ಆಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದೆ. ನಾನು ಅವರನ್ನು ಕ್ಷಮಿಸಿದೆ! ಅವರ ಮುಖ ಸ್ವಲ್ಪ ಹಗುರಾಯಿತು. ಯಾವ ಕೆಲಸದ ಮೇಲೆ ಬಂದಿರಿ ಅಂತ ಕೇಳಿದರು, ಹೀಗೇ ಈ ಕಡೆ ಬಂದಿದ್ದೆ ಅಂದೆ. ಎರಡು ಡಬ್ಬಿ ಸುತ್ತಿಕೊಡಲು ಸಹಾಯ ಬೇರೆ ಮಾಡಿದೆ. ಅವರ ಕೆಲಸ ಮುಚ್ಚುವುದಕ್ಕೆ ನನ್ನ ಕೈಯಾರೆ ಪೇಪರು ಸುತ್ತಿದೆ.

ಶುಕ್ರವಾರದ ಬಗ್ಗೆ ಹೇಳುವಂಥದ್ದೇನಿಲ್ಲ. ಶನಿವಾರ ಬೆಳಿಗ್ಗೆ ಅಂಗಡಿಯ ಮುಂದೆ ಒಂದು ಲಾರಿ ಹೋಯಿತು. ಅದೇ ಲಾರಿಯೋ ಬೇರೆಯದೋ ಗೊತ್ತಿಲ್ಲ, ನಾನು ತಲೆ ಎತ್ತಲಿಲ್ಲ. ಸಂಜೆ ಡ್ರೈವರ್ ಫೋನ್ ಮಾಡಿ ಎಲ್ಲ ಖಾಲಿಯಾಯಿತು ಅಂದರು. ಭಾನುವಾರ ಎದ್ದ ಕೂಡಲೇ ಎದೆಯ ಮೇಲಿನ ಭಾರ ಇಳಿದಿರುತ್ತದೆ ಅಂದುಕೊಂಡಿದ್ದೆ. ಆಗಿದ್ದು ಆಗಿಹೋಯಿತು, ಇನ್ನು ಹೇಳಿದರೂ ಒಂದೇ ಬಿಟ್ಟರೂ ಒಂದೇ ಅಂತ. ಹಾಗಾಗಲಿಲ್ಲ. ಕೂತಲ್ಲಿ ಕೂರಲಾಗಲಿಲ್ಲ. ಸೋಮವಾರ ಬೆಳಿಗ್ಗೆ ಅಚ್ಚನ್ನು ಚೀಲಕ್ಕೆ ಹಾಕಿಕೊಂಡು, ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಅವರ ಮನೆಗೆ ಹೋದೆ. ದಾರಿಯಲ್ಲಿ ಜನ ನೋಡುತ್ತಿದ್ದರು. ನೋಡಲಿ ಅನಿಸಿತು.

ಮನೆಯ ಮುಂದಿನ ಕೋಣೆಯಲ್ಲಿ ಹಲ್ಲಿನವರು ಸುಮ್ಮನೆ ಕೂತಿದ್ದರು. ಬೆಳಗಿನ ಹತ್ತು ಗಂಟೆಗೆ, ಕೆಲಸದ ದಿನ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಹಲಗೆ ಇಳಿಸಿದೆ. ಅಚ್ಚು ತೆಗೆದೆ. ಮಾತು ತಡವರಿಸಿತು, ಆದರೂ ಹೇಳಿದೆ. ಕೀಸುಳಿ ಎಳೆದದ್ದು, ಪಾಲಿಶ್ ಹೊಡೆದದ್ದು, ಎರಡು ತುದಿಯಲ್ಲೂ ಒಂದೇ ತಪ್ಪು ಇರುವುದು. ಅವರು ಒಳಗೆ ಹೋಗಿ ತಮ್ಮ ಅಳತೆಯ ಚಿಮಟ ತಂದರು, ಎಲ್ಲ ಮಾರಿದರೂ ಅದೊಂದನ್ನು ಇಟ್ಟುಕೊಂಡಿದ್ದರು. ಎಡತುದಿ ಅಳೆದರು, ಬಲತುದಿ ಅಳೆದರು, ಅಚ್ಚನ್ನು ಅಳೆದರು. ಕೈ ನಡುಗುತ್ತಲೇ ಇತ್ತು, ಚಿಮಟ ಮರಕ್ಕೆ ತಾಗಿದ ಕೂಡಲೇ ನಿಲ್ಲುತ್ತಿತ್ತು. ನಾನು ಕಣ್ಣಾರೆ ನೋಡಿದೆ. ಆಮೇಲೆ ಅವರು ಹೆಂಡತಿಯನ್ನು ಕೂಗಿದರು.

"ಬಾ ಇಲ್ಲಿ. ಮೇಷ್ಟ್ರು ಏನೋ ಹೇಳ್ತಾರೆ, ಕೇಳು. ಇನ್ನೊಂದ್ಸಲ ಹೇಳಿ ಮೇಷ್ಟ್ರೇ, ಅವತ್ತು ಇವಳೂ ಅಲ್ಲಿದ್ಲು."

ಇನ್ನೊಂದು ಸಲ ಹೇಳಿದೆ. ಆ ಅಮ್ಮ ಬಾಗಿಲಿಗೆ ಒರಗಿ ಪೂರ್ತಿ ಕೇಳಿಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ ಮಾತು.

"ನಿಮಗೆ ಯಾವತ್ತು ಗೊತ್ತಾಯ್ತಣ್ಣ?"

ಬಂದದ್ದೇ ಎಲ್ಲ ಹೇಳಲು. ಎಂಟು ದಿನವನ್ನೂ ಹೇಳಬೇಕು ಅಂತಲೇ ಹಲಗೆ ಹೊತ್ತು ತಂದಿದ್ದೆ. ಆದರೆ ಅವರಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು, ಹಲ್ಲಿನವರ ಕಣ್ಣಲ್ಲಿ ನೀರಿತ್ತು, ಸಂತೋಷದ ನೀರು. ಗುರುವಾರ ನಾನು ಕೂತಿದ್ದ ಕುರ್ಚಿ ನೆನಪಿಗೆ ಬಂತು.

"ನಿನ್ನೆ," ಅಂದೆ.

ಆ ಅಮ್ಮ ಗೋಡೆಗೆ ತಲೆ ಆನಿಸಿ, ಅಯ್ಯೋ, ಒಂದು ವಾರ ಮೊದಲು ಗೊತ್ತಾಗಬಾರದಿತ್ತೇ ಅಂದರು. ಲಾರಿ ಹೋಗಿ ಎರಡೇ ದಿನವಾಗಿತ್ತು. ಕೊಂಡವನಿಗೆ ಅಲ್ಲೇ ಫೋನ್ ಮಾಡಿದರು. ಅವನು ಯಂತ್ರಗಳನ್ನು ಆಗಲೇ ನೆಲಕ್ಕೆ ಕೂರಿಸಿಬಿಟ್ಟಿದ್ದನಂತೆ, ಈಗ ವಾಪಸ್ಸು ಎಲ್ಲಿಂದ ಕೊಡಲಿ ಅಂದನಂತೆ. ಹಲ್ಲಿನವರು ಫೋನ್ ಇಟ್ಟು ಹೆಂಡತಿಗೆ ಸಮಾಧಾನ ಹೇಳಿದರು. ಇರಲಿ, ಕೈ ಸರಿಯಾಗಿದೆ ಅಂತ ಗೊತ್ತಾಯಿತಲ್ಲ, ಅಷ್ಟು ಸಾಕು, ಮೇಷ್ಟ್ರು ಬೇಕಂತ ಮಾಡಿದ್ದಾ, ಅವರ ಮುಖ ನೋಡು ಹೇಗಾಗಿದೆ ಅಂದರು. ನನಗೆ ಕುಡಿಯಲು ನೀರು ತರಿಸಿದರು. ನಾನು ಕುಡಿದೆ.

ಇದೆಲ್ಲ ಆಗಿ ಏಳು ತಿಂಗಳಾಯಿತು. ಹಲ್ಲಿನವರಿಗೆ ಮತ್ತೆ ಕೆಲಸ ಸಿಗಲಿಲ್ಲ. ಇಬ್ಬರು ಡಾಕ್ಟರರ ಹತ್ತಿರ ಕೇಳಿ ನೋಡಿದರು, ಒಮ್ಮೆ ಬಿಟ್ಟ ವಯಸ್ಸಾದವರನ್ನು ಯಾರು ಕರೆಯುತ್ತಾರೆ. ಬೆಳಿಗ್ಗೆ ಈಗಲೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂರುತ್ತಾರಂತೆ. ಸೇತುವೆಯ ಹಳಿಗಳನ್ನು ಮಾತ್ರ ಕಿತ್ತು ಸರಿಯಾದ ಜಾಗಕ್ಕೆ ಹಾಸಿದರು, ಹೋದ ಭಾನುವಾರದ ಪ್ರದರ್ಶನಕ್ಕೆ ತಂದರು. ಅದೇ ಲೈಬ್ರರಿ, ಹೋದ ಸಲಕ್ಕಿಂತ ಹೆಚ್ಚು ಜನ. ನನ್ನ ಹೆಂಡತಿಯೂ ಮೊದಲ ಸಲ ಬಂದಿದ್ದಳು. ಅಚ್ಚಿನ ಕಥೆ ಅವಳಿಗೂ ಹೇಳಿದ್ದೆ, ಹಿಂದಿನ ದಿನವಷ್ಟೇ ಗೊತ್ತಾಯಿತು ಅನ್ನುವ ಕಥೆಯನ್ನು.

ರೈಲು ಸುರಂಗದಿಂದ ಬಂದು, ಸಂದಿಯಲ್ಲಿ ಚೂರೂ ಸದ್ದಿಲ್ಲದೆ ದಾಟಿ, ಸೇತುವೆಯ ಮೇಲೆ ಹಾದು ನನ್ನ ಸ್ಟೇಷನ್ನಿಗೆ ಬಂದು ನಿಂತಿತು. ಜನ ಚಪ್ಪಾಳೆ ತಟ್ಟಿದರು. ಹಲ್ಲಿನವರು ಯಾವತ್ತೂ ನಾಲ್ಕು ಜನರೆದುರು ಮಾತಾಡಿದವರಲ್ಲ, ಅವತ್ತು ಮಾತಾಡಿದರು. ನನ್ನ ಕೈ ಹಿಡಿದು ಮುಂದಕ್ಕೆ ಎಳೆದುಕೊಂಡರು. ನಡುಗುವ ಕೈ, ಹಿಡಿತ ಗಟ್ಟಿ.

"ಹೋದ ಸಲ ಇದೇ ಜಾಗದಲ್ಲಿ ರೈಲು ಬಿತ್ತು, ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ತಪ್ಪು ಇವರದಾಗಿತ್ತು. ಬೇರೆಯವರಾಗಿದ್ರೆ ಮುಚ್ಚಿ ಹಾಕ್ತಿದ್ರು, ಯಾರಿಗೂ ಗೊತ್ತಾಗ್ತಿರಲಿಲ್ಲ. ಇವರು ಗೊತ್ತಾದ ಮಾರನೇ ದಿನಾನೇ ಹಲಗೆ ತಲೆ ಮೇಲೆ ಹೊತ್ಕೊಂಡು ಬಂದು ಹೇಳಿದ್ರು. ಇಂಥ ನೇರ ಮನುಷ್ಯನ್ನ ನಾನು ನೋಡಿಲ್ಲ."

ಟೀಚರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಹೆಂಡತಿ ನನ್ನನ್ನು ನೋಡುತ್ತಿದ್ದ ರೀತಿ, ಇಷ್ಟು ವರ್ಷದಲ್ಲಿ ಅವಳು ಹಾಗೆ ಯಾವತ್ತೂ ನೋಡಿರಲಿಲ್ಲ. ಹೇಳು, ಈಗ ಹೇಳು, ಎಂಟು ದಿನ ಅಂತ ಬರೀ ಎರಡು ಶಬ್ದ, ಹೇಳಿಬಿಡು ಅಂತ ನನ್ನೊಳಗೆ ಹೊಡೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಮತ್ತೆ ಚಪ್ಪಾಳೆ ಬಿತ್ತು. ಈ ಸಲ ನನಗೆ. ಹಲ್ಲಿನವರ ಹೆಂಡತಿ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದರು.

ನಾನು ತಲೆ ತಗ್ಗಿಸಿ ಎಲ್ಲರಿಗೂ ಕೈ ಮುಗಿದೆ.